ಆಪ್ ಕ್ಯಾಬ್ ಅಪಘಾತ, ಟ್ರಿಪ್ ಹುಣಸೂರಲ್ಲೇ ‘ಮುಗಿದಿತ್ತು’: ಮಾವನ ಕಾಲಿನ ಖರ್ಚು ಯಾರ ತಲೆಗೆ?

ಗೋಣಿಕೊಪ್ಪ ಅಳಿಯ
ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಸೋದರಮಾವ, ಅತ್ತೆ ಇಬ್ಬರೂ ಮೈಸೂರಿಂದ ಊರಿಗೆ ಬರೋಕೆ ಆಪ್‌ನಲ್ಲಿ ಔಟ್‌ಸ್ಟೇಷನ್ ಕ್ಯಾಬ್ ಬುಕ್ ಮಾಡಿದ್ರು. ಹಳದಿ ಬೋರ್ಡ್ ಕಾರೇ. ಹುಣಸೂರು ಬರೋ ಹೊತ್ತಿಗೆ ಡ್ರೈವರ್ ‘ಆಪ್‌ನವರು ಕಮಿಷನ್ ಹಿಡೀತಾರೆ ಸರ್, ಇಲ್ಲಿಗೇ ಟ್ರಿಪ್ ಮುಗಿಸ್ತೀನಿ, ಬಾಕಿ ನನಗೇ ಹಾಕಿ’ ಅಂದು ಅವನೇ ತನ್ನ ಫೋನಲ್ಲಿ ಟ್ರಿಪ್ ಮುಗಿಸಿದ್ದಾನೆ. ಮಾವ ಯುಪಿಐನಲ್ಲಿ ದುಡ್ಡು ಹಾಕಿದ್ದಾರೆ.

ತಿತಿಮತಿ ದಾಟಿ ಗೋಣಿಕೊಪ್ಪ ಕಡೆ ಬರುವಾಗ ತಿರುವಿನಲ್ಲಿ ಎದುರಿಂದ ಒಂದು ಪಿಕಪ್ ಬಂದಿದೆ. ನಮ್ಮ ಕಾರೂ ಜೋರಾಗಿಯೇ ಇತ್ತು ಅಂತ ಅತ್ತೆ ಹೇಳ್ತಾರೆ. ತಪ್ಪಿಸೋಕೆ ಹೋಗಿ ಎಡಕ್ಕೆ ಎಳೆದು ಮರಕ್ಕೆ ಗುದ್ದಿದ್ದಾನೆ. ಪಿಕಪ್‌ನವನು ನಿಲ್ಲಿಸದೆ ಹೋದ. ಮಾವನಿಗೆ ಬಲಗಾಲು ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದು ಮೈಸೂರಿನ ಖಾಸಗಿ ಆಸ್ಪತ್ರೆಯಲ್ಲಿ ರಾಡ್ ಹಾಕಿದ್ದಾರೆ. ಅತ್ತೆಗೆ ಮಣಿಕಟ್ಟು ಮುರಿದಿದೆ, ಹಣೆಗೆ ಹೊಲಿಗೆ. ಬಿಲ್ ಮೂರು ಲಕ್ಷ ದಾಟಿದೆ.

ಮಾವನಿಗೆ 42 ವರ್ಷ. ಎರಡೂವರೆ ಎಕರೆ ಕಾಫಿ, ಮಧ್ಯೆ ಮೆಣಸು. ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು), ಮೆಣಸು ಕೊಯ್ಲು ಎಲ್ಲ ಸ್ವಂತ ಏಣಿ ಹತ್ತಿ ಮಾಡೋರು, ಬೇರೆಯವರ ತೋಟಕ್ಕೂ ಹೋಗೋರು.

ಈಗ ತೊಂದರೆ ಏನಂದ್ರೆ, ಆಪ್‌ನವರು ‘ಟ್ರಿಪ್ ಹುಣಸೂರಲ್ಲಿ ಮುಗಿದಿದೆ, ನಮಗೆ ಸಂಬಂಧ ಇಲ್ಲ’ ಅಂತಾರೆ. ಡ್ರೈವರ್ ಠಾಣೆಗೆ ಕೊಟ್ಟ ದೂರಿನಲ್ಲಿ ‘ಅಪರಿಚಿತ ಪಿಕಪ್ ವಾಹನದ ತಪ್ಪಿನಿಂದ’ ಅಂತ ಬರೆಸಿದ್ದಾನೆ. ಮೊನ್ನೆ ಒಬ್ಬರು ‘ಇನ್ಶೂರೆನ್ಸ್ ಕಡೆಯವರು’ ಅಂತ ಮನೆಗೆ ಬಂದು ನಲವತ್ತು ಸಾವಿರಕ್ಕೆ ಸಹಿ ಕೇಳಿದ್ರು. ಮಾವ ‘ಸಿಕ್ಕಿದ್ದು ಸಿಗಲಿ’ ಅನ್ನೋ ಲೆಕ್ಕದಲ್ಲಿದ್ದಾರೆ. ತಿಳಿದವರು ಹೇಳಿ.

ಸಂಪಾಜೆ ಗೇಟು
ಸಹಿ ಮಾತ್ರ ಹಾಕಿಸಬೇಡಿ ಮಾರಾಯ್ರೆ. ಉಳಿದದ್ದು ಆಮೇಲೆ ನೋಡುವ.

ಕಾಫಿಪುಡಿ
ಆಪ್ ಕಂಪನಿಯವರೇ ಎಲ್ಲ ಕೊಡಬೇಕು. ಬುಕ್ ಆಗಿದ್ದು ಅವರ ಆಪ್‌ನಲ್ಲಿ ತಾನೇ? ಒಂದು ಲೀಗಲ್ ನೋಟಿಸ್ ಹಾಕಿ, ಓಡಿ ಬರ್ತಾರೆ.

ನಿವೃತ್ತ ಸರ್ವೇಯರ್
ಕಾಫಿಪುಡಿಯವರೇ, ಅಷ್ಟು ಸುಲಭದಲ್ಲಿ ಯಾರೂ ಓಡಿ ಬರೋದಿಲ್ಲ. ಇಲ್ಲಿ ಎರಡು ಬೇರೆ ಬೇರೆ ವಿಮೆ ಇವೆ, ಜನ ಎರಡನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ.

ಒಂದು, ಆಪ್ ಕಂಪನಿ ಪ್ರಯಾಣಿಕರ ಹೆಸರಲ್ಲಿ ಮಾಡಿಸಿರುವ ಗುಂಪು ಅಪಘಾತ ವಿಮೆ. ಅದು ಟ್ರಿಪ್ ಐಡಿಗೆ ಅಂಟಿಕೊಂಡಿರುತ್ತದೆ. ಟ್ರಿಪ್ ಶುರುವಾದಾಗ ಶುರು, ಮುಗಿದಾಗ ಮುಗಿಯಿತು. ಹಾಗಾಗಿ ಅವರು ‘ಹುಣಸೂರಲ್ಲಿ ಮುಗಿದಿದೆ’ ಅನ್ನುತ್ತಿರುವುದು ಅವರ ಪಾಲಿಸಿಯ ಭಾಷೆಯಲ್ಲಿ ಸರಿ ಇರಬಹುದು.

ಇನ್ನೊಂದು, ಕಾರಿನದೇ ವಿಮೆ. ಮೋಟಾರು ವಾಹನ ಕಾಯ್ದೆ 1988ರ 147ನೇ ಕಲಂ ಪ್ರಕಾರ ಬಾಡಿಗೆ ಪ್ರಯಾಣಿಕರನ್ನು ಒಯ್ಯುವ ಹಳದಿ ಬೋರ್ಡ್ ಕಾರಿನ ಪಾಲಿಸಿ ಒಳಗೆ ಕೂತ ಪ್ರಯಾಣಿಕರನ್ನೂ ಒಳಗೊಳ್ಳಲೇಬೇಕು. ಬರೀ ಥರ್ಡ್ ಪಾರ್ಟಿ ಇದ್ದರೂ ಸರಿ. ಆ ಪಾಲಿಸಿಗೆ ಆಪ್ ಇತ್ತೋ, ಬಸ್‌ಸ್ಟ್ಯಾಂಡಲ್ಲಿ ಕೈ ಅಡ್ಡ ಹಾಕಿ ಹತ್ತಿದ್ದೋ ಬೇಕಿಲ್ಲ. ಬಾಡಿಗೆ ಕೊಟ್ಟು ಕೂತ ಪ್ರಯಾಣಿಕ, ಅಷ್ಟೇ. ನಿಮ್ಮ ಮಾವನ ನಿಜವಾದ ದಾರಿ ಇದು. ಆಪ್‌ನ ಹಿಂದೆ ಬಿದ್ದು ತಿಂಗಳು ಕಳೆಯಬೇಡಿ.

ಎಂಪರಿವಾಹನ್ ಆಪ್‌ನಲ್ಲಿ ಕಾರಿನ ನಂಬರ್ ಹಾಕಿ ನೋಡಿ. ಯಾವ ವಿಮಾ ಕಂಪನಿ, ಅಪಘಾತದ ದಿನ ಚಾಲ್ತಿಯಲ್ಲಿತ್ತೋ, ಫಿಟ್‌ನೆಸ್ ಇದೆಯೋ ಎಲ್ಲ ಬರುತ್ತದೆ. ಇವತ್ತೇ ಸ್ಕ್ರೀನ್‌ಶಾಟ್ ತೆಗೆದಿಡಿ.

ಗೋಣಿಕೊಪ್ಪ ಅಳಿಯ
ನೋಡಿದೆ ಸರ್. ವಿಮೆ ಚಾಲ್ತಿಯಲ್ಲಿದೆ, ಫಿಟ್‌ನೆಸ್ ಕೂಡ ಇದೆ. ಸ್ವಲ್ಪ ಉಸಿರು ಬಂತು. ಆದರೆ ‘ಪಿಕಪ್ ತಪ್ಪು’ ಅಂತ ದೂರಿದೆಯಲ್ಲ, ಆಗ ಈ ಕಾರಿನ ವಿಮೆಯವರು ನಮ್ಮದಲ್ಲ ಅನ್ನೋದಿಲ್ವಾ?

ವಕೀಲರು ಮಡಿಕೇರಿ
ಅನ್ನುತ್ತಾರೆ. ಮೊದಲ ಆಕ್ಷೇಪಣೆಯೇ ಅದಾಗಿರುತ್ತದೆ. ನಿಮ್ಮ ಪ್ರಕರಣದ ಕುತ್ತಿಗೆ ಇರುವುದೂ ಅಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ದೂರು ಕೊಟ್ಟವನು ಡ್ರೈವರ್. ತನ್ನ ಮೇಲೆ ತಾನೇ ಯಾರೂ ಕೇಸು ಹಾಕಿಕೊಳ್ಳುವುದಿಲ್ಲ. ಅದು ಹಾಗೆಯೇ ಮುಂದುವರಿದು ಪಿಕಪ್ ಸಿಗದೆ ಹೋದರೆ, ಪೊಲೀಸ್ ಕಡತದಲ್ಲಿ ಇದು ‘ಗುದ್ದಿ ಪರಾರಿ’ ಪ್ರಕರಣವಾಗಿ ಕೂರುತ್ತದೆ. ಅಂಥ ಪ್ರಕರಣಗಳಿಗೆ ಇರುವ ಕೇಂದ್ರದ ಪರಿಹಾರ ಯೋಜನೆಯಲ್ಲಿ ಗಂಭೀರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ. 2022ರ ಏಪ್ರಿಲ್ 1ರಿಂದ ಇರುವ ದರ ಇದು. ಮೂರು ಲಕ್ಷದ ಬಿಲ್ಲಿಗೆ ಐವತ್ತು ಸಾವಿರ.

ಆದ್ದರಿಂದ ಮಾವ, ಅತ್ತೆ ಇಬ್ಬರೂ ಗಾಯಾಳುಗಳಾಗಿ, ಪ್ರತ್ಯಕ್ಷ ಸಾಕ್ಷಿಗಳಾಗಿ ತಮ್ಮದೇ ಹೇಳಿಕೆ ಕೊಡಬೇಕು. ಕಾರು ಎಷ್ಟು ವೇಗದಲ್ಲಿತ್ತು, ತಿರುವಿನಲ್ಲಿ ಯಾವ ಬದಿಗಿತ್ತು, ಪಿಕಪ್ ತಾಗಿತೋ ಇಲ್ಲವೋ, ಡ್ರೈವರ್ ಫೋನ್ ಹಿಡಿದಿದ್ದನೋ, ಕಂಡದ್ದನ್ನು ಕಂಡಂತೆ. ಜೋಡಿಸಿ ಹೇಳುವುದು ಬೇಡ, ಬಿಡುವುದೂ ಬೇಡ. ಠಾಣೆಗೆ ಹೋಗಲಾಗದಿದ್ದರೆ ಮನೆಗೇ ಬಂದು ಹೇಳಿಕೆ ಪಡೆಯಿರಿ ಅಂತ ಲಿಖಿತ ಮನವಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಠಾಣೆಯಲ್ಲಿ ಸ್ಪಂದಿಸದಿದ್ದರೆ ಮಡಿಕೇರಿಯ ಎಸ್‌ಪಿ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟ್.

ಇನ್ನು ಎರಡೂ ವಾಹನದ ತಪ್ಪಿದ್ದರೆ? ಪ್ರಯಾಣಿಕನಾಗಿ ಕೂತವನ ತಪ್ಪು ಅದರಲ್ಲಿ ಏನೂ ಇಲ್ಲ. ಇಬ್ಬರ ನಿರ್ಲಕ್ಷ್ಯದಿಂದ ಮೂರನೆಯವನಿಗೆ ಗಾಯವಾದರೆ, ಅವನು ಇಬ್ಬರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಪರಿಹಾರ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಖೆನ್ಯೇಯಿ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ಪಾಲು ಹಂಚಿಕೊಳ್ಳುವುದು ಆ ಇಬ್ಬರ ನಡುವಿನ ಲೆಕ್ಕ. ಹೀಗಾಗಿ ಪಿಕಪ್ ಸಿಗಲೇಬೇಕು ಅಂತಿಲ್ಲ. ಕಾರಿನ ಡ್ರೈವರ್‌ದೂ ನಿರ್ಲಕ್ಷ್ಯ ಇತ್ತು ಅಂತ ತೋರಿಸಿದರೆ ಸಾಕು. ಅದನ್ನೂ ಕ್ರಿಮಿನಲ್ ಕೇಸಿನ ಮಟ್ಟದಲ್ಲಿ ಸಾಬೀತು ಮಾಡಬೇಕಿಲ್ಲ, ಹೆಚ್ಚು ಸಂಭವನೀಯ ಯಾವುದು ಅಂತ ಅಪಘಾತ ಪರಿಹಾರದ ಅರ್ಜಿ ಕೇಳುವ ನ್ಯಾಯಮಂಡಳಿ ನೋಡುತ್ತದೆ. ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಈ ಮೂರರ ಪ್ರತಿ ಕೈಗೆ ಬಂದ ಮೇಲೆ ಚಿತ್ರ ತಿಳಿಯಾಗುತ್ತದೆ. ಕಾರಿನ ಬಲಭಾಗದಲ್ಲಿ ಪಿಕಪ್ ತಾಗಿದ ಗುರುತೇ ಇಲ್ಲದಿದ್ದರೆ ಡ್ರೈವರ್ ಕತೆ ಅಷ್ಟಕ್ಕೆ ತೆಳುವಾಯಿತು.

ತಿತಿಮತಿ ಹುಡುಗ
ನಮ್ಮೂರ ರಸ್ತೆ ಆದ್ದರಿಂದ ಒಂದು ಮಾತು. ಪಿಕಪ್ ಹುಣಸೂರು ಕಡೆಗೆ ಹೋಗಿದ್ದರೆ ಆನೆಚೌಕೂರು ಗೇಟ್ ದಾಟಲೇಬೇಕು. ಅರಣ್ಯ ಇಲಾಖೆಯವರಲ್ಲಿ ಕ್ಯಾಮೆರಾ ದೃಶ್ಯ ಅಥವಾ ನೋಂದಣಿ ಇದ್ದರೆ ಪೊಲೀಸರ ಮೂಲಕ ಕೇಳಿಸಿ. ನೀವೇ ಹೋದರೆ ಕೊಡಲ್ಲ. ತಿತಿಮತಿಯಲ್ಲೇ ಒಳದಾರಿಗೆ ತಿರುಗಿದ್ದರೆ ಕಷ್ಟ. ಪೇಟೆ ಅಂಗಡಿಗಳ ಕ್ಯಾಮೆರಾ ಕೂಡ ಕೇಳಬಹುದು, ಆದರೆ ಹೆಚ್ಚು ದಿನ ಉಳಿಸಿಟ್ಟಿರಲ್ಲ, ಬೇಗ ಹೋಗಿ. ಮರದ ಫೋಟೋ ಬೇಕಾದರೆ ನಾನೇ ತೆಗೆದು ಕಳಿಸ್ತೀನಿ, ಸಿಪ್ಪೆ ಎದ್ದ ಗುರುತು ಇನ್ನೂ ಇದೆ.

ಗೋಣಿಕೊಪ್ಪ ಅಳಿಯ
ಫೋಟೋ ಬೇಕಣ್ಣ, ಅಳತೆ ಗೊತ್ತಾಗೋ ಹಾಗೆ ರಸ್ತೆನೂ ಸೇರಿಸಿ. ತುಂಬಾ ಉಪಕಾರ.

ಹಳದಿ ಬೋರ್ಡ್ ಕುಶಾಲನಗರ
ಎಲ್ಲರೂ ಡ್ರೈವರ್ ಮೇಲೆ ಬೀಳ್ತಿದ್ದೀರಿ, ನಾನೂ ಡ್ರೈವರ್, ನಮ್ಮ ಕಡೆಯದೂ ಕೇಳಿ. ಟ್ರಿಪ್ ನಡುವೆ ಮುಗಿಸಿದ್ದು ತಪ್ಪು, ಒಪ್ತೀನಿ. ಆದರೆ ಕೊಡಗಿಗೆ ಬಂದ ಆಪ್ ಗಾಡಿಗೆ ವಾಪಸ್ ಬಾಡಿಗೆ ಸಿಗೋದು ಅಪರೂಪ. ಖಾಲಿ ಹೋಗಬೇಕು. ಕಮಿಷನ್ ಬೇರೆ, ಕಂತು ಬೇರೆ. ಹಾಗಾಗಿ ಹುಡುಗರು ಹೀಗೆ ಮಾಡ್ತಾರೆ.

ಪ್ರಯಾಣಿಕರಿಗೆ ಇನ್ನೂ ಏನಾದರೂ ಸಿಗುತ್ತೆ, ಡ್ರೈವರ್‌ಗೆ ಏನು ಸಿಗುತ್ತೆ ಕೇಳಿ. ಮಾಲೀಕನೇ ಓಡಿಸ್ತಿದ್ದು ತಪ್ಪು ಅವನದೇ ಅಂತಾದರೆ ಅವನ ಗಾಯಕ್ಕೆ ಕಾರಿನ ಥರ್ಡ್ ಪಾರ್ಟಿಯಲ್ಲಿ ದಾರಿ ಇಲ್ಲ. ಅವನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರುತ್ತೆ, ಆದರೆ ಅದು ಸತ್ತರೆ, ಕೈಕಾಲು ಕಣ್ಣು ಹೋದರೆ, ಪೂರ್ತಿ ಶಾಶ್ವತ ಅಂಗವಿಕಲ ಆದರೆ. ಮೂಳೆ ಮುರಿದ ಆಸ್ಪತ್ರೆ ಬಿಲ್ಲಿಗೆ ಒಂದು ರೂಪಾಯಿ ಬರಲ್ಲ. ಸಂಬಳದ ಡ್ರೈವರ್ ಆದರೆ ಆ ವೈಯಕ್ತಿಕ ವಿಮೆ ಇಲ್ಲ, ಅದಕ್ಕೆ ಮಾಲೀಕ ಬೇರೆ ಪ್ರೀಮಿಯಂ ಕಟ್ಟಿರಬೇಕು; ಕೆಲಸದಲ್ಲಿದ್ದಾಗ ಆದ ಗಾಯ ಅಂತ ನೌಕರರ ಪರಿಹಾರ ಮಾತ್ರ ಕೇಳಬಹುದು. ಆಪ್ ಕಂಪನಿಗಳು ಡ್ರೈವರ್‌ಗೆ ಕನಿಷ್ಠ 5 ಲಕ್ಷದ ಆರೋಗ್ಯ ವಿಮೆ, 10 ಲಕ್ಷದ ಟರ್ಮ್ ವಿಮೆ ಮಾಡಿಸಬೇಕು ಅಂತ ಕೇಂದ್ರದ ಮಾರ್ಗಸೂಚಿ 2020ರಿಂದ ಹೇಳ್ತಿದೆ. ನನ್ನ ಜೊತೆ ಸ್ಟ್ಯಾಂಡಲ್ಲಿ ನಿಲ್ಲೋರಲ್ಲಿ ಕಾರ್ಡ್ ಕೈಗೆ ಬಂದವರನ್ನ ನಾನು ನೋಡಿಲ್ಲ.

ಸೋಮವಾರಪೇಟೆ ಸುಬ್ಬಿ
ಅಣ್ಣ ಹೇಳಿದ್ದು ನಿಜವೇ ಇರಬಹುದು, ಆದರೆ ಕಂತಿನ ಕಷ್ಟಕ್ಕೆ ಕೂತವರ ಕಾಲು ಯಾಕೆ ಮುರೀಬೇಕು? ನಮ್ಮ ಕಡೆ ಮಳೆಗಾಲದಲ್ಲಿ ಹೊರಗಿನ ಡ್ರೈವರ್‌ಗಳು ತಿರುವಿನಲ್ಲಿ ಹಾರನ್ ಕೂಡ ಮಾಡಲ್ಲ.

ಹಳದಿ ಬೋರ್ಡ್ ಕುಶಾಲನಗರ
ಅಕ್ಕ, ಅದಕ್ಕೆ ನಾನು ವಾದ ಮಾಡ್ತಿಲ್ಲ. ಒಂದು ಉಪಯೋಗದ ಮಾತು ಹೇಳ್ತೀನಿ. ಆ ಡ್ರೈವರ್‌ನ ಬೈದು ದೂರ ಮಾಡ್ಕೋಬೇಡಿ. ಆರ್‌ಸಿ, ಪಾಲಿಸಿ, ಪರ್ಮಿಟ್, ಡಿಎಲ್ ಪ್ರತಿ ಅವನ ಹತ್ರ ಇರುತ್ತೆ. ಪರಿಹಾರ ಕಟ್ಟೋದು ವಿಮೆ ಕಂಪನಿ, ಅವನ ಜೇಬಿಂದ ಅಲ್ಲ ಅಂತ ಗೊತ್ತಾದರೆ ಅವನೂ ಮೆತ್ತಗಾಗ್ತಾನೆ. ಬಹಳ ಹುಡುಗರು ಹೆದರಿಕೆಯಲ್ಲೇ ಸುಳ್ಳು ದೂರು ಕೊಡೋದು.

ವಕೀಲರು ಮಡಿಕೇರಿ
ಒಳ್ಳೆಯ ಮಾತು. ಲೈಸೆನ್ಸ್ ಬಗ್ಗೆಯೂ ವಿಮಾ ಕಂಪನಿ ಒಂದು ಆಟ ಹೂಡಬಹುದು: ‘ಬ್ಯಾಡ್ಜ್ ಇಲ್ಲ, ಬರೀ ಲಘು ವಾಹನದ ಡಿಎಲ್’ ಅಂತ. 7,500 ಕಿಲೋ ಮೀರದ ವಾಹನವಾದರೆ ಲಘು ಮೋಟಾರು ವಾಹನದ ಲೈಸೆನ್ಸ್ ಇದ್ದವನು ಟ್ಯಾಕ್ಸಿಯನ್ನೂ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಆ ಬಾಗಿಲು ಮುಚ್ಚಿತು. ಪರ್ಮಿಟ್ ಇಲ್ಲದ ಗಾಡಿಯಾದರೂ ಬಹುತೇಕ ಪ್ರಕರಣಗಳಲ್ಲಿ ‘ಮೊದಲು ಗಾಯಾಳುವಿಗೆ ಕೊಡಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ’ ಅನ್ನುವ ಆದೇಶ ಬರುತ್ತದೆ.

ಕಕ್ಕಬ್ಬೆ ಹೋಂಸ್ಟೇ
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮದು ಬಿಳಿ ಬೋರ್ಡ್. ಅತಿಥಿಗಳನ್ನ ಕೆಲವೊಮ್ಮೆ ಮಡಿಕೇರಿ ಬಸ್‌ಸ್ಟ್ಯಾಂಡಿಂದ ಕರ್ಕೊಂಡು ಬರ್ತೀವಿ, ಡೀಸೆಲ್‌ಗೆ ಅಂತ ಏನಾದ್ರೂ ಕೊಡ್ತಾರೆ. ಅದಕ್ಕೂ ಇನ್ಶೂರೆನ್ಸ್ ನಡೆಯುತ್ತಾ? ಫುಲ್ ಇನ್ಶೂರೆನ್ಸ್ ಇದೆ.

ನಿವೃತ್ತ ಸರ್ವೇಯರ್
ದುಡ್ಡು ತೆಗೆದುಕೊಂಡ ಕ್ಷಣ ನಿಮ್ಮ ಖಾಸಗಿ ಕಾರಿನ ಪಾಲಿಸಿಯ ಷರತ್ತು ಮುರಿಯಿತು. ‘ಡೀಸೆಲ್‌ಗೆ’ ಅಂತ ಕರೆದರೂ ಬಾಡಿಗೆಯೇ.

ದುಡ್ಡಿಲ್ಲದೆ ಕೂರಿಸಿದರೂ ವ್ಯತ್ಯಾಸ ಇದೆ. ಖಾಸಗಿ ಕಾರಿನ ಬರೀ ಥರ್ಡ್ ಪಾರ್ಟಿ ಪಾಲಿಸಿ, ನಾವು ಆಕ್ಟ್ ಪಾಲಿಸಿ ಅನ್ನುತ್ತಿದ್ದದ್ದು, ಒಳಗೆ ಪುಕ್ಕಟೆ ಕೂತವರನ್ನು ಒಳಗೊಳ್ಳುವುದಿಲ್ಲ. ಪ್ಯಾಕೇಜ್ ಪಾಲಿಸಿ, ನೀವು ಫುಲ್ ಇನ್ಶೂರೆನ್ಸ್ ಅನ್ನುವುದು, ಇದ್ದರೆ ಅವರೂ ಬರುತ್ತಾರೆ, 2009ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೇ ಸುತ್ತೋಲೆ ಹೊರಡಿಸಿ ಹೇಳಿದೆ. ಊರಲ್ಲಿ ಹಳೆ ಕಾರುಗಳಿಗೆ ದುಡ್ಡು ಉಳಿಸಲು ಆಕ್ಟ್ ಪಾಲಿಸಿ ಮಾಡಿಸಿ, ಮದುವೆಗೆ ಏಳು ಜನ ತುಂಬಿಕೊಂಡು ಹೋಗುತ್ತಾರೆ. ನಾನು ಅಪಘಾತದ ಗಾಡಿಗಳ ಸರ್ವೆಗೆ ಹೋದಾಗಲೆಲ್ಲ ಹೊಟ್ಟೆ ಉರಿಯುತ್ತಿದ್ದದ್ದು ಇಂಥ ಮನೆಗಳಲ್ಲೇ. ನೀವು ಒಂದು ಗಾಡಿಗೆ ಹಳದಿ ಬೋರ್ಡ್ ಮಾಡಿಸಿ, ಇಲ್ಲವೇ ಸ್ಟ್ಯಾಂಡಿನ ಟ್ಯಾಕ್ಸಿಯವರಿಗೆ ಹೇಳಿಬಿಡಿ.

ಕಕ್ಕಬ್ಬೆ ಹೋಂಸ್ಟೇ
ಸರಿ ಸರ್. ನಾಪೋಕ್ಲಿನಲ್ಲಿ ಗೊತ್ತಿರೋ ಟ್ಯಾಕ್ಸಿಯವರು ಇದ್ದಾರೆ, ಅವರಿಗೇ ಒಪ್ಪಿಸ್ತೀನಿ.

ನರ್ಸಮ್ಮ
ಗೋಣಿಕೊಪ್ಪ ತಮ್ಮ, ಆಸ್ಪತ್ರೆ ಕಾಗದದ ಬಗ್ಗೆ ಹೇಳ್ತೀನಿ, ಇಲ್ಲಿ ಇನ್ನೂ ಯಾರೂ ಹೇಳಿಲ್ಲ. ಮೊದಲು ಎಲ್ಲಿಗೆ ಕರ್ಕೊಂಡು ಹೋದ್ರೋ ಆ ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರ್‌ನಲ್ಲಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯಗಳನ್ನ ಬರೆಯೋ ಪುಸ್ತಕ) ಏನು ಬರೆದಿದೆ ನೋಡಿ. ಗಾಬರಿಯಲ್ಲಿ ಜೊತೆಗೆ ಬಂದವರು ‘ಬಿದ್ದುಬಿಟ್ರು’ ಅಂತಾರೆ, ಡ್ಯೂಟಿಯಲ್ಲಿ ಇದ್ದವರು ಅದನ್ನೇ ಬರೀತಾರೆ. ಆಮೇಲೆ ಕೋರ್ಟಲ್ಲಿ ಅದೇ ಒಂದು ಸಾಲನ್ನ ಹಿಡ್ಕೊಂಡು ಎಳೀತಾರೆ. ಕಾರು ಅಪಘಾತ, ಪ್ರಯಾಣಿಕ, ಜಾಗ, ಸಮಯ ಇಷ್ಟೂ ಇರಬೇಕು.

ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ ಫಿಲ್ಮ್ (ಬರೀ ರಿಪೋರ್ಟ್ ಅಲ್ಲ), ಮೆಡಿಕಲ್ ಸ್ಟೋರ್ ಬಿಲ್ಲುಗಳು, ಫಿಸಿಯೋಥೆರಪಿ ಚೀಟಿ, ಮೈಸೂರಿಗೆ ತಪಾಸಣೆಗೆ ಹೋದ ಗಾಡಿ ಬಾಡಿಗೆ ರಸೀದಿ, ಎಲ್ಲ ಒಂದು ಫೈಲಲ್ಲಿ. ಮೆಡಿಕ್ಲೇಮ್ ಏನಾದ್ರೂ ಇದ್ದು ಮೂಲ ಬಿಲ್ ಅವರಿಗೆ ಕೊಡೋದಾದ್ರೆ ಮೊದಲೇ ದೃಢೀಕೃತ ನಕಲು ಮಾಡಿಸ್ಕೊಳ್ಳಿ.

ನಿಮಗೆ ಈಗ ಉಪಯೋಗ ಇಲ್ಲ, ಉಳಿದವರು ಓದ್ಲಿ ಅಂತ ಬರೀತೀನಿ. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ಬಂದಿದೆ. ರಸ್ತೆ ಅಪಘಾತದ ಗಾಯಾಳುವಿಗೆ ಅಪಘಾತದ ದಿನದಿಂದ 7 ದಿನದವರೆಗೆ 1.5 ಲಕ್ಷ ರೂಪಾಯಿವರೆಗೂ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ. ಯಾರ ಗಾಡಿ, ಯಾರ ತಪ್ಪು ಅಂತ ಕೇಳಲ್ಲ. ಆದರೆ ಪೊಲೀಸರ ದೃಢೀಕರಣ ಬೇಕು, ಅದಕ್ಕೇ ತಕ್ಷಣ 112ಕ್ಕೆ ಕರೆ ಮಾಡಿ ಅನ್ನೋದು. ಅಡ್ಮಿಷನ್ ಕೌಂಟರಲ್ಲಿ ನೀವೇ ಬಾಯಿಬಿಟ್ಟು ಕೇಳಿ. ಕರ್ಕೊಂಡು ಬಂದ ದಾರಿಹೋಕರನ್ನ ಸಾಕ್ಷಿ ಹೇಳು ಅಂತ ಬಲವಂತ ಮಾಡೋ ಹಾಗಿಲ್ಲ, ಹೆಸರು ಕೊಡದೆಯೂ ಹೋಗಬಹುದು. ಇದು ಗೊತ್ತಿಲ್ಲದೆ ಜನ ಗಾಡಿ ನಿಲ್ಲಿಸಲ್ಲ.

ಗೋಣಿಕೊಪ್ಪ ಅಳಿಯ
ಅಕ್ಕ, ಮೊದಲು ಗೋಣಿಕೊಪ್ಪದಲ್ಲಿ ಪ್ರಥಮ ಚಿಕಿತ್ಸೆ ಮಾಡಿಸಿ ಆಮೇಲೆ ಮೈಸೂರಿಗೆ ಕರ್ಕೊಂಡು ಹೋಗಿದ್ದು. ರಿಜಿಸ್ಟರ್ ನೋಡಿಸ್ತೀನಿ. ವಕೀಲರೇ, ಕೇಸ್ ಎಲ್ಲಿ ಹಾಕೋದು? ಕಾರು ಮೈಸೂರಿನದು, ವಿಮೆ ಕಚೇರಿ ಬೆಂಗಳೂರು ಅಂತಿದೆ. ಮತ್ತೆ ಸಮಯದ ಮಿತಿ ಏನಾದ್ರೂ ಇದೆಯಾ? ಊರಲ್ಲಿ ಒಬ್ಬರು ‘ಎಂವಿಸಿ ಕೇಸಿಗೆ (ವಾಹನ ಅಪಘಾತ ಪರಿಹಾರದ ಅರ್ಜಿ) ಮಿತಿನೇ ಇಲ್ಲ, ಕಾಲು ಸರಿ ಆದ್ಮೇಲೆ ಹಾಕಿ’ ಅಂದ್ರು.

ವಕೀಲರು ಮಡಿಕೇರಿ
ಅವರು ಹಳೆಯ ಕಾನೂನು ಹೇಳುತ್ತಿದ್ದಾರೆ. 2019ರ ತಿದ್ದುಪಡಿ ಆರು ತಿಂಗಳ ಮಿತಿಯನ್ನು ಮತ್ತೆ ತಂದಿತು, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಪೊಲೀಸರು ಕಳಿಸುವ ಅಪಘಾತ ವರದಿಯನ್ನೇ ನ್ಯಾಯಮಂಡಳಿ ಅರ್ಜಿಯಾಗಿ ಪರಿಗಣಿಸಬಹುದು ಅಂತಲೂ ಕಾಯ್ದೆಯಲ್ಲೇ ಇದೆ. ಹಾಗಂತ ಅವನ್ನೆಲ್ಲ ನಂಬಿ ಕೂರುವ ಅಗತ್ಯ ಏನಿದೆ? ಆರು ತಿಂಗಳ ಒಳಗೆ ಹಾಕಿ. ಚಿಕಿತ್ಸೆ ಮುಗಿದಿರಬೇಕು ಅಂತಿಲ್ಲ, ಬಿಲ್ಲುಗಳನ್ನು, ಅಂಗವೈಕಲ್ಯದ ಪ್ರಮಾಣಪತ್ರವನ್ನು ಸಾಕ್ಷ್ಯದ ಹಂತದಲ್ಲಿ ಹಾಜರುಪಡಿಸಬಹುದು.

ಎಲ್ಲಿ ಅಂದರೆ, ಅಪಘಾತ ನಡೆದ ಜಾಗ, ಅರ್ಜಿದಾರ ವಾಸಿಸುವ ಜಾಗ, ಎದುರುದಾರ ಇರುವ ಜಾಗ, ಯಾವುದಾದರೂ ಆಗುತ್ತದೆ. ನಿಮಗೆ ವಿರಾಜಪೇಟೆ ಹತ್ತಿರ. ಬೆಂಗಳೂರಲ್ಲಿ ಹಾಕಿದರೆ ಜಾಸ್ತಿ ಸಿಗುತ್ತೆ ಅನ್ನುವವರ ಮಾತು ಕೇಳಬೇಡಿ. ಸಾಕ್ಷಿ ಹೇಳಲು ಕುಂಟುಕಾಲಲ್ಲಿ ಮಾವನೇ ಹೋಗಬೇಕು.

ಮಾವನದ್ದು, ಅತ್ತೆಯದ್ದು ಬೇರೆ ಬೇರೆ ಅರ್ಜಿ. ಕಾರಿನ ಮಾಲೀಕ, ವಿಮಾ ಕಂಪನಿ ಎದುರುದಾರರು, ಡ್ರೈವರ್ ಬೇರೆಯವನಾದರೆ ಅವನೂ. ಆಪ್ ಕಂಪನಿಯನ್ನು ಸೇರಿಸಬೇಕೇ ಅನ್ನುವುದರಲ್ಲಿ ವಕೀಲರಲ್ಲೇ ಎರಡು ಮಾತಿದೆ. ‘ನಾವು ಬರೀ ತಂತ್ರಜ್ಞಾನ ವೇದಿಕೆ’ ಅನ್ನುವುದು ಅವರ ಸಿದ್ಧ ಉತ್ತರ, ನೋಟಿಸ್ ಜಾರಿಗೇ ತಿಂಗಳುಗಳು ಹೋಗುತ್ತವೆ. ಕಾರಿನ ವಿಮೆ ಗಟ್ಟಿ ಇರುವಾಗ ನಾನಾದರೆ ಸೇರಿಸುವುದಿಲ್ಲ. ಆದರೆ ಬುಕಿಂಗ್ ಮೆಸೇಜು, ಡ್ರೈವರ್ ಹೆಸರು ಬಂದ ಪರದೆ, ಹುಣಸೂರಿಗೆ ಟ್ರಿಪ್ ಮುಗಿದ ರಸೀದಿ, ಯುಪಿಐ ದಾಖಲೆ ಇವೆಲ್ಲ ಇಟ್ಟುಕೊಳ್ಳಿ. ಇವರು ಬಾಡಿಗೆ ಪ್ರಯಾಣಿಕರು, ಡ್ರೈವರ್‌ನ ನೆಂಟರಲ್ಲ ಅಂತ ಅದೇ ತೋರಿಸುತ್ತದೆ. ಆಪ್ ಕಂಪನಿಯ ಸೇವಾಲೋಪದ ಬಗ್ಗೆ ಮಡಿಕೇರಿಯ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿ ಬೇರೆಯೇ ಇದೆ.

ಕಾಫಿಪುಡಿ
ಆ ನಲವತ್ತು ಸಾವಿರದ ಕತೆ ಏನು? ಇನ್ಶೂರೆನ್ಸ್‌ನವರು ಮನೆಗೆ ಬಂದು ಕೊಡ್ತಾರಾ?

ನಿವೃತ್ತ ಸರ್ವೇಯರ್
ತನಿಖಾಧಿಕಾರಿಯನ್ನು ಕಳಿಸುತ್ತಾರೆ, ಅದು ಮಾಮೂಲು. ಹೇಳಿಕೆ ಬರೆದುಕೊಳ್ಳುತ್ತಾರೆ, ಫೋಟೋ ತೆಗೆಯುತ್ತಾರೆ. ದುಡ್ಡಿನ ಮಾತು ಹೀಗೆ ಜಗಲಿ ಮೇಲೆ ಆಡುವುದಿಲ್ಲ. ಬಂದವನ ಗುರುತಿನ ಚೀಟಿ ನೋಡಿದ್ರಾ? ಗಾಡಿ ಮಾಲೀಕನ ಕಡೆಯವನೂ ಇರಬಹುದು.

ಕಂಪನಿಯೇ ನಿಜವಾಗಿ ರಾಜಿಗೆ ಬಂದರೆ ಅದಕ್ಕೊಂದು ಕ್ರಮ ಇದೆ. ಈಗಿನ 149ನೇ ಕಲಂ ಪ್ರಕಾರ ನೇಮಿತ ಅಧಿಕಾರಿ 30 ದಿನದ ಒಳಗೆ ಮೊತ್ತ ತಿಳಿಸಬೇಕು, ಒಪ್ಪಿದರೆ ನ್ಯಾಯಮಂಡಳಿಯಲ್ಲಿ ದಾಖಲಾಗಿ 30 ದಿನದಲ್ಲಿ ಹಣ ಬರಬೇಕು. ಇದರಲ್ಲಿ ಒಂದು ಮುಳ್ಳಿದೆ, ಗಮನಿಸಿ. 164ನೇ ಕಲಂ ಅಂತ ಒಂದಿದೆ, ಯಾರ ತಪ್ಪು ಅಂತ ಸಾಬೀತು ಮಾಡದೆಯೇ ಗಂಭೀರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ. ಮೂಳೆ ಮುರಿತ ಗಂಭೀರ ಗಾಯವೇ. ಕೇಳಲು ಚೆನ್ನಾಗಿದೆ. ಆದರೆ ಈ ಕ್ರಮದಲ್ಲಿ ಅದನ್ನು ಒಪ್ಪಿ ತೆಗೆದುಕೊಂಡರೆ ನ್ಯಾಯಮಂಡಳಿಯ ದೊಡ್ಡ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ. ಹಣೆಗೆ ಹೊಲಿಗೆ, ಮಣಿಕಟ್ಟು ಮುರಿತ ಇರುವ ಅತ್ತೆಗೆ ಅದು ಯೋಚಿಸುವಂಥದ್ದೇ. ಮಾವನಿಗೆ ಬೇಡ.

ಗೋಣಿಕೊಪ್ಪ ಅಳಿಯ
ಮಾವನಿಗೆ ಎಷ್ಟು ಬರಬಹುದು ಅಂತ ಅಂದಾಜು ಹೇಗೆ? ಡಾಕ್ಟರ್ ‘ಕಾಲಿಗೆ ಶೇಕಡಾ ಮೂವತ್ತರ ಹತ್ತಿರ ಊನ ಉಳಿಯಬಹುದು’ ಅಂದಿದ್ದಾರೆ.

ವಕೀಲರು ಮಡಿಕೇರಿ
ಮೊತ್ತ ಹೇಳಿ ಆಸೆ ಹುಟ್ಟಿಸುವುದಿಲ್ಲ, ಲೆಕ್ಕದ ದಾರಿ ಹೇಳುತ್ತೇನೆ. ಚಿಕಿತ್ಸೆ ಖರ್ಚು, ನೋವು ಸಂಕಟ, ಕೆಲಸವಿಲ್ಲದೆ ಮಲಗಿದ ತಿಂಗಳುಗಳ ಆದಾಯ, ನೋಡಿಕೊಂಡವರ ಖರ್ಚು, ಊಟ ಉಪಚಾರ, ಇವೆಲ್ಲ ಒಂದೊಂದು ಬಾಬ್ತು. ದೊಡ್ಡದು ಮುಂದಿನ ಗಳಿಕೆಯ ನಷ್ಟ. ಅದಕ್ಕೆ ವಯಸ್ಸಿನ ಮೇಲೆ ಗುಣಕ ಇದೆ, 2009ರ ಸರಳಾ ವರ್ಮಾ ತೀರ್ಪಿನಲ್ಲಿ ನಿಗದಿಯಾದದ್ದು. 41ರಿಂದ 45 ವರ್ಷಕ್ಕೆ 14. ಉದಾಹರಣೆಗೆ ಆದಾಯ ತಿಂಗಳಿಗೆ 18,000 ಅಂತ ಒಪ್ಪಿದರೆ ವರ್ಷಕ್ಕೆ 2,16,000. ಅದು 14 ಪಟ್ಟು 30,24,000. ಗಳಿಕೆಯ ಸಾಮರ್ಥ್ಯ ಶೇ. 25 ಕುಗ್ಗಿದೆ ಅಂತ ನ್ಯಾಯಮಂಡಳಿ ತೀರ್ಮಾನಿಸಿದರೆ ಈ ಬಾಬ್ತಿನಲ್ಲಿ 7,56,000.

ಜಗಳ ಇರುವುದು ಆ ಇಪ್ಪತ್ತೈದರಲ್ಲಿ. ಕಾಲಿಗೆ ಶೇ. 30 ಊನ ಅಂದರೆ ಇಡೀ ದೇಹಕ್ಕೆ ಅದಕ್ಕಿಂತ ಕಡಿಮೆ, ಮೂರನೇ ಒಂದು ಭಾಗ ಮಾತ್ರ ಅಂತ ಎದುರು ವಕೀಲರು ವಾದಿಸುತ್ತಾರೆ. ಆದರೆ 2010ರ ರಾಜ್ ಕುಮಾರ್ ತೀರ್ಪು ಹೇಳುವುದು ಬೇರೆ: ದೇಹದ ಊನ ಎಷ್ಟು ಅಂತಲ್ಲ, ಈ ಮನುಷ್ಯ ಮಾಡುತ್ತಿದ್ದ ಕೆಲಸದ ಮೇಲೆ ಅದರ ಪರಿಣಾಮ ಎಷ್ಟು ಅಂತ ನೋಡಬೇಕು. ಮೇಜಿನ ಮುಂದೆ ಕೂರುವ ಗುಮಾಸ್ತನಿಗೆ ಕಾಲು ಸ್ವಲ್ಪ ಎಳೆದರೂ ಸಂಬಳ ನಡೆಯುತ್ತದೆ. ಸಿಲ್ವರ್ ಓಕ್‌ಗೆ ಏಣಿ ಇಟ್ಟು ಮೆಣಸು ಕೊಯ್ಯುವವನಿಗೆ ಪಾದ ಊರುವ ನಂಬಿಕೆ ಹೋದರೆ ಕೆಲಸವೇ ಹೋಯಿತು. ಹೀಗಾಗಿ ಮಾವ ಏನು ಕೆಲಸ ಮಾಡುತ್ತಿದ್ದರು ಅನ್ನುವುದಕ್ಕೆ ಸಾಕ್ಷಿ ಬೇಕು. ಯಾರ ತೋಟಕ್ಕೆ ಹೋಗುತ್ತಿದ್ದರೋ ಆ ಮಾಲೀಕರು ಬಂದು ಹೇಳಲಿ, ಕೂಲಿ ಬರೆದ ಪುಸ್ತಕ ಇದ್ದರೆ ತರಲಿ.

ನಿವೃತ್ತ ಸರ್ವೇಯರ್
ಇನ್ನೊಂದು ಬಲೆ ಹೇಳಿಬಿಡಿ ವಕೀಲರೇ, ಸ್ವಂತ ತೋಟದ್ದು.

ವಕೀಲರು ಮಡಿಕೇರಿ
ಹೌದು. ‘ತೋಟ ಹಾಗೇ ಇದೆ, ಕಾಫಿ ಬಿಡುತ್ತಲೇ ಇದೆ, ಆದಾಯ ಎಲ್ಲಿ ಕಡಿಮೆಯಾಯಿತು?’ ಅಂತ ಕೇಳುತ್ತಾರೆ. ಅದರಲ್ಲಿ ಅರ್ಥವೂ ಇದೆ, ಜಮೀನಿನ ಆದಾಯವನ್ನೆಲ್ಲ ನಷ್ಟ ಅಂತ ಕೊಡುವುದಿಲ್ಲ. ನಷ್ಟವಾದದ್ದು ಅವರ ದುಡಿಮೆ, ಮೇಲ್ವಿಚಾರಣೆ. ಆದ್ದರಿಂದ ಈ ಸಲ ಮರಗಸಿಗೆ, ಕೊಯ್ಲಿಗೆ ಯಾರನ್ನು ಕರೆದಿರಿ, ಎಷ್ಟು ಕೂಲಿ ಕೊಟ್ಟಿರಿ, ತಾರೀಕು ಸಮೇತ ಬರೆದು ಸಹಿ ಹಾಕಿಸಿಡಿ. ಬ್ಯಾಂಕ್ ಮೂಲಕ ಕೊಟ್ಟರೆ ಇನ್ನೂ ಒಳ್ಳೆಯದು. ಕಾಫಿ ಮಾರಿದ ಬಿಲ್ಲು, ಆರ್‌ಟಿಸಿ ಕೂಡ ಇರಲಿ.

ಸಂಪಾಜೆ ಗೇಟು
ಬ್ರೋಕರುಗಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನನ್ನ ಬಾವ ಆಸ್ಪತ್ರೆ ವಾರ್ಡಿನಲ್ಲಿ ಇರುವಾಗಲೇ ಒಬ್ಬ ವಕಾಲತ್ತಿನ ಫಾರಂ ಹಿಡ್ಕೊಂಡು ಬಂದಿದ್ದ ಮಾರಾಯ್ರೆ. ಬಂದ ದುಡ್ಡಲ್ಲಿ ಇಷ್ಟು ಪರ್ಸೆಂಟು ಅಂತ. ಖಾಲಿ ಚೆಕ್ಕು ಬೇರೆ ಕೇಳಿದ್ದ. ಓಡಿಸಿದೆವು.

ವಕೀಲರು ಮಡಿಕೇರಿ
ಗೆದ್ದ ಮೊತ್ತದಲ್ಲಿ ಪಾಲು ಅಂತ ಫೀ ಮಾತಾಡುವುದನ್ನು ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲ. ನಡೆಯುತ್ತದೆ, ನಮ್ಮ ವೃತ್ತಿಗೆ ಅವಮಾನ. ಫೀಸಿಗೆ ಅನುಕೂಲ ಇಲ್ಲದವರು ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, ಹಾಗಾಗಿ ಅತ್ತೆಯ ಅರ್ಜಿ ಅಲ್ಲಿಂದಲೇ ಹಾಕಿಸಬಹುದು.

ಗೋಣಿಕೊಪ್ಪ ಅಳಿಯ
ಎಲ್ಲರಿಗೂ ಒಂದು ವರದಿ. ಠಾಣೆಯಿಂದ ಎಎಸ್‌ಐ ಮನೆಗೇ ಬಂದು ಇಬ್ಬರ ಹೇಳಿಕೆ ತಗೊಂಡ್ರು. ವೇಗದ ವಿಷಯ, ಡ್ರೈವರ್ ಫೋನಲ್ಲಿ ಮಾತಾಡ್ತಿದ್ದ ವಿಷಯ ಎರಡೂ ಅತ್ತೆ ಹೇಳಿದ್ದಾರೆ. ವಾಹನ ನಿರೀಕ್ಷಕರ ವರದಿಯಲ್ಲಿ ಕಾರಿನ ಮುಂಭಾಗ, ಎಡಬದಿ ಮಾತ್ರ ಜಖಂ, ಬಲಬದಿಯಲ್ಲಿ ಏನೂ ಇಲ್ಲ. ಅಂದ್ರೆ ಪಿಕಪ್ ತಾಗಿಯೇ ಇಲ್ಲ. ಆಸ್ಪತ್ರೆ ರಿಜಿಸ್ಟರ್‌ನಲ್ಲೂ ‘ಕಾರು ಮರಕ್ಕೆ ಡಿಕ್ಕಿ’ ಅಂತಲೇ ಇದೆ. ಡ್ರೈವರ್‌ಗೆ ಫೋನ್ ಮಾಡಿ ಸಮಾಧಾನವಾಗಿ ಮಾತಾಡಿದೆ, ಪಾಲಿಸಿ ಮತ್ತೆ ಪರ್ಮಿಟ್ ಪ್ರತಿ ವಾಟ್ಸಾಪ್ ಮಾಡಿದ. ಕುಶಾಲನಗರದ ಅಣ್ಣ ಹೇಳಿದ ಹಾಗೇ ಆಯ್ತು. ನಲವತ್ತು ಸಾವಿರದವರು ಆಮೇಲೆ ಫೋನ್ ಎತ್ತಿಲ್ಲ.

ವಿರಾಜಪೇಟೆಯಲ್ಲಿ ಒಬ್ಬರು ವಕೀಲರನ್ನ ನೋಡಿದ್ದೀವಿ, ಮುಂದಿನ ವಾರ ಮಾವನ ಅರ್ಜಿ. ಅತ್ತೆ ಉಚಿತ ವಕೀಲರು ಬೇಡ, ಇಬ್ಬರದೂ ಒಬ್ಬರೇ ನೋಡ್ಲಿ ಅಂತಾರೆ, ಅದು ಅವರಿಷ್ಟ. ಮಾವ ಈಗ ಕೇಳ್ತಿರೋದು ಒಂದೇ, ಲೋಕ ಅದಾಲತ್‌ನಲ್ಲಿ ಬೇಗ ಮುಗಿಸಬಹುದಾ?

ವಕೀಲರು ಮಡಿಕೇರಿ
ಮುಗಿಸಬಹುದು, ಆದರೆ ಅವಸರ ಬೇಡ. ಅದಾಲತ್‌ನಲ್ಲಿ ರಾಜಿಯಾದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಅಂಗವೈಕಲ್ಯದ ಪ್ರಮಾಣಪತ್ರ ಬಂದು, ವೈದ್ಯರು ಏನು ಹೇಳುತ್ತಾರೆ ಅಂತ ಗೊತ್ತಾದ ಮೇಲೆ ಕೂತು ಮಾತಾಡಿ. ಅದಕ್ಕೆ ಮೊದಲು ಒಪ್ಪಿದರೆ ಇಂದಿನ ಬಿಲ್ಲಿಗೆ ಮಾತ್ರ ದುಡ್ಡು ಬರುತ್ತದೆ.

ನರ್ಸಮ್ಮ
ರಾಡ್ ತೆಗೆಯೋ ಆಪರೇಷನ್ ಮರೀಬೇಡಿ. ಅದು ಬೇಕಾಗುತ್ತೆ ಅಂತಾದ್ರೆ ಅಂದಾಜು ಖರ್ಚು ಎಷ್ಟು ಅಂತ ಆಪರೇಷನ್ ಮಾಡಿದ ಡಾಕ್ಟರ್ ಹತ್ರ ಲೆಟರ್‌ಹೆಡ್ಡಲ್ಲೇ ಬರೆಸ್ಕೊಳ್ಳಿ. ಮುಂದಿನ ತಪಾಸಣೆಗೆ ಹೋದಾಗಲೇ ಕೇಳಿ, ಮತ್ತೆ ಅದಕ್ಕೆಂದೇ ಮೈಸೂರಿಗೆ ಹೋಗೋದು ತಪ್ಪುತ್ತೆ.

ಗೋಣಿಕೊಪ್ಪ ಅಳಿಯ
ಸೋಮವಾರ ತಪಾಸಣೆ ಇದೆ ಅಕ್ಕ, ಬರೆಸ್ಕೊಂಡು ಬರ್ತೀವಿ. ಈ ಸಲ ಸರ್ಕಾರಿ ಬಸ್ಸು, ಅತ್ತೆಯ ಹಠ.